ಅಕ್ಕಡಿ ಸಾಲಿನಿಂದ ಬಸ್ಸಾರಿಗೆ

ರಾಗಿ ಬಿತ್ತುವ ಕೂರಿಗೆಯ ಹಿಂದೆ ಹಗ್ಗಕ್ಕೆ ಕಟ್ಟಿದ ಒಂದು ಸಡ್ಡೆ ಎಳೆದುಕೊಂಡು ಬರುತ್ತದೆ. ಚೂಪು ತುದಿಯ, ಒಂದೇ ಕೊಳವೆಯ ಸಣ್ಣ ಸಲಕರಣೆ ಅದು. ಕೂರಿಗೆಯ ಬಟ್ಟಲಿಗೆ ರಾಗಿ ಬಿಡುವವರು ಒಬ್ಬರಾದರೆ, ಸಡ್ಡೆಗೆ ಅವರೆ, ತೊಗರಿ, ಅಲಸಂದೆ ಬಿಡುವವರು ಇನ್ನೊಬ್ಬರು. ಸಾಮಾನ್ಯವಾಗಿ ಮನೆಯ ಹೆಂಗಸರು, ಕಾಳನ್ನು ಮಡಿಲಲ್ಲಿ ಕಟ್ಟಿಕೊಂಡು ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ನಡೆಯುತ್ತಿದ್ದರು. ಕೆಲವು ಸಾಲು ರಾಗಿ, ನಡುವೆ ಒಂದು ಸಾಲು ಕಾಳು. ಹೊಲದ ಸುತ್ತ ಅಂಚಿಗೆ ಜೋಳ, ಹರಳು, ಹುಚ್ಚೆಳ್ಳು, ಪುಂಡಿ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಒಕ್ಕಲು ಮಕ್ಕಳು ಇದನ್ನು ಅಕ್ಕಡಿ ಎನ್ನುತ್ತಾರೆ. ಈ ಸೀಮೆಯಲ್ಲಿ ಮನೆಯವರ ತರಕಾರಿಗೆಂದು ಬೇರೆ ಬೇಲಿ ಹಾಕಿದ ಜಾಗ ಬಹಳ ಮನೆಗಳಿಗೆ ಇರಲಿಲ್ಲ. ಇಡೀ ವರ್ಷದ ಸಾರಿಗೆ ಬೇಕಾದದ್ದು ರಾಗಿಯ ಜೊತೆಗೇ, ಅದೇ ಬೆಳಿಗ್ಗೆ, ಅದೇ ಮಣ್ಣಿಗೆ ಬೀಳುತ್ತಿತ್ತು.

ಇದು ಎಷ್ಟು ಹಳೆಯದು ಎನ್ನುವುದಕ್ಕೆ ಒಂದು ಸಾಕ್ಷಿಯಂತೂ ಗಟ್ಟಿಯಾಗಿದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯ ಬೇಸಾಯ ನೋಡುತ್ತಾ ಊರೂರು ತಿರುಗಿದ. ತುಮಕೂರು, ಗುಬ್ಬಿಗಳನ್ನೂ ಹಾದುಹೋದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಕೂರಿಗೆಯೂ ಇದೆ, ರಾಗಿಯ ನಡುವೆ ಅವರೆ–ತೊಗರಿಯ ಸಾಲು ಬಿಡುವ ಪದ್ಧತಿಯೂ ಇದೆ. ಆಮೇಲೆ ಬಂದ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರು ತೋಟಗಳನ್ನು ನಾಲ್ಕು ಬಗೆ ಮಾಡುತ್ತದೆ: ತರಕಾರಿ ತೋಟ, ತೆಂಗಿನ ತೋಟ, ಎಲೆತೋಟ, ಹೂವಿನ ತೋಟ. ಇಲ್ಲಿ ಹೇಳಿರುವ ತರಕಾರಿ ತೋಟ ಪೇಟೆಗೆ ಬೆಳೆಯುವ ತೋಟ. ಬಾವಿಯಿಂದ ಏತದಲ್ಲೋ ಕಪಿಲೆಯಲ್ಲೋ ನೀರೆತ್ತಿ ಬದನೆ, ಸೊಪ್ಪು, ಮೂಲಂಗಿ ಬೆಳೆದು ಮಾರುವ ಆ ಕಸುಬಿನಲ್ಲಿ ತಿಗಳರ ಕೈ ಪಳಗಿತ್ತು. ಉಳಿದ ಒಕ್ಕಲುಗಳ ಅಡುಗೆಮನೆಗೆ ಹೊಲದ ಅಕ್ಕಡಿ ಮತ್ತು ಮನೆಯ ಹಿತ್ತಲೇ ಗತಿ.

ಅಕ್ಕಡಿಯ ರಾಜ ಅವರೆ. ನಾಡಿನ ಹಳೆಯ ಅವರೆ ತಳಿಗಳು ಹಗಲು ಕಿರಿದಾಗುವವರೆಗೆ ಹೂ ಬಿಡುವುದಿಲ್ಲ. ಜೂನ್‌ನಲ್ಲಿ ಬಿತ್ತಿದರೂ ಆಗಸ್ಟ್‌ನಲ್ಲಿ ಬಿತ್ತಿದರೂ ಹೂ ಕಾಣುವುದು ಮಳೆಗಾಲ ಕಳೆದು ರಾತ್ರಿ ಉದ್ದವಾದ ಮೇಲೆಯೇ. ಅಲ್ಲಿಯವರೆಗೆ ಗಿಡ ರಾಗಿಯ ನೆರಳಲ್ಲಿ ತಗ್ಗಿಕೊಂಡಿರುತ್ತದೆ, ರಾಗಿಗೆ ಅಡ್ಡ ಬರುವುದಿಲ್ಲ. ರಾಗಿ ಕೊಯ್ದು ಮೆದೆಗೆ ಹೋದ ಕೂಡಲೇ ಹೊಲವೆಲ್ಲ ತನ್ನದೇ ಎಂಬಂತೆ ಹಬ್ಬುತ್ತದೆ. ಧನುರ್ಮಾಸದ ಮಂಜು ಬಿದ್ದಾಗ ಕಾಯಿಯ ಮೈಮೇಲೆ ಅಂಟಂಟು ಸೊಗಡು ಕೂರುತ್ತದೆ. ಕಿತ್ತ ಕೈಯನ್ನು ಸಂಜೆಯವರೆಗೆ ಮೂಸಿದರೂ ಆ ವಾಸನೆ ಇರುತ್ತದೆ. ಬೇರಿನಲ್ಲಿರುವ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೂ ಒಂದಿಷ್ಟು ಬಿಡುತ್ತವೆ, ಉದುರಿದ ಎಲೆ ಗೊಬ್ಬರವಾಗುತ್ತದೆ. ಎರಡು ಬೆಳೆಗಳು ಒಂದೇ ಹೊಲದಲ್ಲಿ ಜಗಳವಿಲ್ಲದೆ ಬದುಕುವ ಈ ಲೆಕ್ಕಾಚಾರ ಯಾವ ಕಾಗದದ ಮೇಲೂ ಹುಟ್ಟಿದ್ದಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಮುಂದೆ ಖುಷ್ಕಿ ಬೇಸಾಯಕ್ಕೆ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂದು ಶಿಫಾರಸು ಮಾಡಿದಾಗ, ಸಡ್ಡೆ ಹಿಡಿದು ನಡೆದ ತಲೆಮಾರುಗಳ ಅನುಭವಕ್ಕೆ ಅಂಕಿಯ ರೂಪ ಸಿಕ್ಕಿತು ಎನ್ನಬೇಕು.

ಅಕ್ಕಡಿ ಕೊಡುವುದು ಕಾಳು, ಕಾಯಿ. ಸೊಪ್ಪು ಬರುತ್ತಿದ್ದದ್ದು ಕಳೆಯಿಂದ. ಮಾತು ವಿಚಿತ್ರವಾಗಿ ಕೇಳಿಸಿದರೂ ನಿಜ. ರಾಗಿ ಗೇಣುದ್ದ ಬಂದಾಗ ಕುಂಟೆ ಹೊಡೆದು, ಉಳಿದ ಕಳೆಯನ್ನು ಹೆಂಗಸರು ಕುಕ್ಕರಗಾಲಲ್ಲಿ ಕೂತು ಕೀಳುತ್ತಾರೆ. ಕಿತ್ತದ್ದನ್ನೆಲ್ಲ ಬದುವಿಗೆ ಎಸೆಯುವುದಿಲ್ಲ. ಅಣ್ಣೆ ಸೊಪ್ಪು, ಗೊರ್ಜಿ, ಕಿರಕಸಾಲೆ, ಗಣಿಕೆ, ಗೋಣಿ ಸೊಪ್ಪು, ತೇವದ ಕಡೆ ಹೊನಗೊನ್ನೆ, ಕನ್ನೆ ಸೊಪ್ಪು, ಜೊತೆಗೆ ಸಾಸಿವೆಯ ಎಳೆ ಕುಡಿ, ಇವೆಲ್ಲ ಮಡಿಲಿಗೆ ಬೀಳುತ್ತವೆ. ಸಂಜೆ ಮನೆಗೆ ಬಂದಾಗ ಒಂದೊಂದು ಬಗೆಯೂ ಒಂದೊಂದು ಹಿಡಿ. ಎಲ್ಲ ಸೇರಿಸಿ ಬೆರಕೆ ಸೊಪ್ಪು. ಬೀಜ ಹಾಕದೆ, ನೀರು ಬಿಡದೆ ಬಂದ ತರಕಾರಿ ಅದು. ಆದರೆ ಯಾವುದನ್ನು ಎಳೆಯದಾಗಿ ಕೀಳಬೇಕು, ಯಾವುದು ಬಲಿತರೆ ಕಹಿ, ಯಾವುದು ತಿನ್ನುವುದಲ್ಲ ಎಂದು ತಿಳಿದಿರಬೇಕಿತ್ತು. ಆ ತಿಳಿವಳಿಕೆ ಅಜ್ಜಿಯಿಂದ ಮೊಮ್ಮಗಳಿಗೆ ಕಳೆ ಕೀಳುವ ಸಾಲಿನಲ್ಲೇ ದಾಟುತ್ತಿತ್ತು.

ಬಸ್ಸಾರು ಹುಟ್ಟಿದ್ದು ಇಂಥ ಹೊಲದಿಂದಲೇ ಎಂದು ನನ್ನ ನಂಬಿಕೆ. ಆರು ಬಗೆಯ ಸೊಪ್ಪು ಒಂದೊಂದು ಹಿಡಿ ಇದ್ದರೆ ಯಾವುದರದೂ ಒಂಟಿಯಾಗಿ ಪಲ್ಯ ಮಾಡಲಾಗದು. ತೊಗರಿಬೇಳೆಯನ್ನೋ ಹಸಿ ಕಾಳನ್ನೋ ಬೇಯಲು ಇಟ್ಟು, ಅರ್ಧ ಬೆಂದಾಗ ಸೊಪ್ಪನ್ನೆಲ್ಲ ಹಾಕಿ, ಬೆಂದ ಮೇಲೆ ಕಟ್ಟನ್ನು ಬಸಿದಿಟ್ಟುಕೊಳ್ಳುತ್ತಾರೆ. ಸುಟ್ಟ ಇಲ್ಲವೇ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಕಾಯಿ, ಹುಣಸೆಹಣ್ಣು. ಇವುಗಳ ಜೊತೆಗೆ ಬೆಂದ ಸೊಪ್ಪು–ಕಾಳಿನದೇ ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಮಿಕ್ಕ ಸೊಪ್ಪು–ಕಾಳಿಗೆ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆಯ ಬೇಯಿಸುವಿಕೆಯಲ್ಲಿ ಮುದ್ದೆಗೆ ಸಾರೂ ಆಯಿತು, ನಂಚಿಕೊಳ್ಳಲು ಪಲ್ಯವೂ ಆಯಿತು, ಸೊಪ್ಪು ಬೆಂದ ನೀರಿನ ಒಂದು ತೊಟ್ಟೂ ಚರಂಡಿಗೆ ಹೋಗಲಿಲ್ಲ. ಅದಕ್ಕೂ ಪುರುಸೊತ್ತಿಲ್ಲದ ದಿನ ಉಪ್ಪುಸಾರು: ಬಸಿದ ಕಟ್ಟಿಗೆ ಉಪ್ಪು, ಪಕ್ಕದಲ್ಲಿ ಒರಳಲ್ಲಿ ಕುಟ್ಟಿದ ಖಾರ. ಸೊಪ್ಪು ಹೆಚ್ಚಿದ್ದ ದಿನ ಮಸ್ಸೊಪ್ಪು. ಸಂಕ್ರಾಂತಿಯ ಆಸುಪಾಸು ಅವರೆಕಾಳನ್ನು ನೆನೆಸಿ, ಸಿಪ್ಪೆ ಬಿಡಿಸಿ ಹಿತಕಿದ ಬೇಳೆ ಸಾರು. ಬೇಸಿಗೆಯಲ್ಲಿ ಹೊಲ ಬರಿದಾದಾಗ ಹುರುಳಿಕಾಳು, ಹಲಸಿನ ಬೀಜ, ನುಗ್ಗೆ. ಈ ಸೀಮೆಯ ಅಡುಗೆಯನ್ನು ಬಡವರ ಅಡುಗೆ ಎಂದು ತಾತ್ಸಾರ ಮಾಡಿದವರನ್ನು ಕಂಡಿದ್ದೇನೆ. ಮಣ್ಣು ಕೊಟ್ಟಷ್ಟನ್ನೇ ಅಳೆದು ರುಚಿ ಕಟ್ಟಿದ ಇಷ್ಟು ಜಾಣ ಅಡುಗೆ ಇನ್ನೊಂದಿಲ್ಲವೆಂದೇ ನನ್ನ ವಾದ.

ಹಿತ್ತಲಿನದು ಬೇರೆ ಲೆಕ್ಕ. ಅದರ ನೀರಾವರಿ ಬಚ್ಚಲು. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಕೆಸು. ಸ್ವಲ್ಪ ಆಚೆಗೆ ಕರಿಬೇವು, ನುಗ್ಗೆ, ದೊಡ್ಡಪತ್ರೆ. ಚಪ್ಪರದ ಮೇಲೆ ಹೀರೆ, ಪಡವಲ, ಚಪ್ಪರದವರೆ. ತಿಪ್ಪೆಯ ಮೇಲೆ ತಾನಾಗಿ ಎದ್ದ ಕುಂಬಳದ ಬಳ್ಳಿ. ಬೀಜದ ಕಾಯಿಯೆಂದು ಒಂದನ್ನು ಬಳ್ಳಿಯಲ್ಲೇ ಗಟ್ಟಿಗೆ ಬಿಟ್ಟರೆ ಅದನ್ನು ಮನೆಯಲ್ಲಿ ಯಾರೂ ಮುಟ್ಟುವಂತಿಲ್ಲ. ಕುಂಬಳ, ಸೋರೆಯ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟುವುದು, ಅವರೆ–ತೊಗರಿಗೆ ಬೂದಿಯನ್ನೋ ಕೆಮ್ಮಣ್ಣನ್ನೋ ಸವರಿ ಮಡಕೆಯಲ್ಲಿಡುವುದು, ಒಣಗಿದ ಸೋರೆ ಬುರುಡೆಯೊಳಗೆ ಸಣ್ಣ ಬೀಜ ತುಂಬಿ ತೂಗುಹಾಕುವುದು, ಇವೆಲ್ಲ ಹೆಂಗಸರ ಖಾತೆ. ಮದುವೆಯಾಗಿ ಹೋದ ಮಗಳ ಸೀರೆಯ ಗಂಟಿನಲ್ಲಿ ತವರಿನ ಬದನೆ ಬೀಜವೂ ಹೋಗುತ್ತಿತ್ತು.

ಹಿತ್ತಲು, ಬದು, ತೋಟದ ಅಂಚಿನ ಮರಗಳು ಎಂಥ ಸಂಪತ್ತನ್ನು ಬಚ್ಚಿಟ್ಟಿರಬಹುದು ಎಂಬುದಕ್ಕೆ ಗುಬ್ಬಿ ತಾಲ್ಲೂಕಿನ ಚೇಳೂರು ಸಾಕ್ಷಿ. ಹಲಸಿನ ಪೇಟೆಗೆ ಹೆಸರಾದ ಊರದು. ಅಲ್ಲಿನ ಎಸ್. ಎಸ್. ಪರಮೇಶ್ ಅವರ ಜಮೀನಿನಲ್ಲಿ ತಂದೆ ಸಿದ್ದಪ್ಪನವರು ನೆಟ್ಟ ಒಂದು ಮರವಿತ್ತು; ಎರಡೂವರೆ ಕಿಲೋ ಆಸುಪಾಸಿನ ಪುಟ್ಟ ಹಣ್ಣು, ತಾಮ್ರಗೆಂಪು ತೊಳೆ. ಮನೆಯವರು, ನೆಂಟರು ತಿಂದು ಹೊಗಳುತ್ತಿದ್ದ ಆ ಹಣ್ಣನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹಿರೇಹಳ್ಳಿ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿ, 2017ರಲ್ಲಿ ಒಪ್ಪಂದವಾಗಿ, ‘ಸಿದ್ದು’ ಎಂಬ ಹೆಸರಿನಲ್ಲಿ ಕಸಿ ಸಸಿಗಳು ಹೊರಬಂದವು. ಸಸಿ ಮಾರಾಟದ ಆದಾಯದ ದೊಡ್ಡ ಪಾಲು ಮರದ ಒಡೆಯರಿಗೇ ಸೇರುವ ವ್ಯವಸ್ಥೆ. ಒಂದು ಮನೆಯ ಬಾಯಿರುಚಿ ಕಾಪಾಡಿದ ತಳಿಗೆ ಇಂಥ ಮರ್ಯಾದೆ ಸಿಕ್ಕಿದ್ದು ನನಗೆ ಬಹಳ ಸಂತೋಷ ಕೊಟ್ಟ ಸುದ್ದಿ.

ಕೋಸು, ಹೂಕೋಸು, ಸೀಮೆಬದನೆ ಬಂದ ಹಾದಿ ಬೇರೆ. ಲಾಲ್‌ಬಾಗಿನಲ್ಲಿ ಜಾನ್ ಕ್ಯಾಮರಾನ್, 1908ರಿಂದ ಕ್ರುಂಬಿಗಲ್ ಹೊರಗಿನ ತಳಿಗಳನ್ನು ಬೆಳೆಸಿ ಹಂಚಿದರು. 1963ರಲ್ಲಿ ತೋಟಗಾರಿಕೆ ಇಲಾಖೆ ಪ್ರತ್ಯೇಕವಾದ ಮೇಲೆ ಎಂ. ಎಚ್. ಮರಿಗೌಡರು ತಾಲ್ಲೂಕು ತಾಲ್ಲೂಕಿಗೂ ಸಸ್ಯಕ್ಷೇತ್ರ ತಂದರು. ಸಸಿ, ಬೀಜ ಕೈಗೆ ಸಿಗುವಂತಾಯಿತು. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆಯ ವಸ್ತುಪ್ರದರ್ಶನಕ್ಕೆ ಬಂದ ಹಳ್ಳಿಯವರು ಹೊಸ ತರಕಾರಿಗಳನ್ನು ಅಲ್ಲೇ ಕಣ್ಣಾರೆ ಕಂಡರು.

ಅಕ್ಕಡಿಯನ್ನು ಒಕ್ಕಲೆಬ್ಬಿಸಿದ್ದು ಹೊಸ ತರಕಾರಿಯಲ್ಲ, ಹೊಸ ನೀರು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟೆ ಮುಗಿದು, ಮುಂದೆ ನಾಲೆಯ ನೀರು ತುಮಕೂರು ಜಿಲ್ಲೆಯ ಕೆರೆಗಳಿಗೆ ಬಂತು. ಕೊಳವೆಬಾವಿಗಳು ಊರೂರಿಗೂ ಇಳಿದವು. ಗುಬ್ಬಿ ಕಡೆ ರಾಗಿ ಹೊಲಗಳು ತೆಂಗಾದವು, ಅಡಿಕೆಯಾದವು. ಇದನ್ನು ತಪ್ಪೆನ್ನಲಾರೆ; ಮಕ್ಕಳ ಓದು, ಮನೆ, ಮದುವೆ ಆ ತೋಟದ ದುಡ್ಡಿನಲ್ಲೇ ನಡೆದಿವೆ. ಹೇಮಾವತಿ ನೀರನ್ನು ಕುಣಿಗಲ್ ಕಡೆಗೆ ಒಯ್ಯುವ ಲಿಂಕ್ ಕೆನಾಲಿನ ವಿಚಾರಕ್ಕೆ 2025ರಲ್ಲಿ ಗುಬ್ಬಿ ಸೀಮೆಯ ರೈತರು ಬೀದಿಗಿಳಿದದ್ದು ನೋಡಿದರೆ ಆ ನೀರಿನ ಬೆಲೆ ಎಷ್ಟೆಂದು ಗೊತ್ತಾಗುತ್ತದೆ. ಆದರೆ ರಾಗಿ ಹೋದ ಕಡೆ ಸಡ್ಡೆಯೂ ಅಟ್ಟಕ್ಕೆ ಹೋಯಿತು. ರಾಗಿ ಉಳಿದ ಕಡೆಯೂ ಆಳು ಸಿಗದೆ ಕಳೆನಾಶಕ ಬಂತು. ಅಗಲ ಎಲೆಯ ಕಳೆಗೆ ಹೊಡೆಯುವ ಔಷಧಿಗೆ ಅಣ್ಣೆ ಸೊಪ್ಪೂ ಒಂದೇ, ಅವರೆಯ ಸಸಿಯೂ ಒಂದೇ. ಕೊಯ್ಯುವ ಯಂತ್ರಕ್ಕೂ ನಡುವೆ ನಿಂತ ತೊಗರಿ ಅಡ್ಡಿ. ಹೀಗೆ ರಾಗಿ ಒಂಟಿಯಾಯಿತು. ಹಳ್ಳಿಯವರೂ ಸೊಪ್ಪಿನ ಕಟ್ಟನ್ನು ಸಂತೆಯಿಂದ ತರುವ ಕಾಲ ಬಂತು. ಅದು ಹೆಚ್ಚಾಗಿ ಒಂದೇ ಬಗೆಯ ಸೊಪ್ಪು.

ಈಗ ಬೆಳೆಯುವ ಆಸೆ ಪೇಟೆಯಲ್ಲಿ ಚಿಗುರಿದೆ. ತುಮಕೂರಿನ ಹೊಸ ಬಡಾವಣೆಗಳಲ್ಲಿ ಇನ್ನೂ ಮನೆ ಕಟ್ಟದ ಮೂವತ್ತು–ನಲವತ್ತರ ಸೈಟುಗಳಲ್ಲಿ ಪಕ್ಕದ ಮನೆಯವರು, ಒಡೆಯರನ್ನು ಒಂದು ಮಾತು ಕೇಳಿ, ದಂಟು, ಮೆಂತ್ಯ, ಅವರೆ ಹಾಕಿರುವುದು ಕಾಣುತ್ತದೆ. ಇಂಗ್ಲೆಂಡಿನಲ್ಲಿ ಇಂಥದ್ದಕ್ಕೆ ಕಾನೂನೇ ಇದೆ. 1908ರ ಕಾಯ್ದೆಯ ಪ್ರಕಾರ ಜನ ಕೇಳಿದರೆ ಸ್ಥಳೀಯ ಆಡಳಿತ ತರಕಾರಿ ಬೆಳೆಯಲು ಬಾಡಿಗೆಗೆ ತುಂಡು ನೆಲ ಒದಗಿಸಬೇಕು. ಅಲ್ಲಿ ರೂಢಿಯಲ್ಲಿರುವ ಅಳತೆ ನಮ್ಮ ಎರಡೂವರೆ ಗುಂಟೆಯಷ್ಟು. ತುಮಕೂರಿನಂಥ ಊರಿಗೆ ಅಂಥ ವ್ಯವಸ್ಥೆ ಬಂದರೆ ಚೆನ್ನು ಎಂದು ಮನಸಾರೆ ಬಯಸುತ್ತೇನೆ. ಪಾರ್ಕಿನ ಹುಲ್ಲಿಗೆ ಬಿಡುವ ನೀರಿನ ಒಂದು ಪಾಲು ಸೊಪ್ಪಿನ ಮಡಿಗೆ ಬಂದರೆ ಊರಿಗೇನೂ ನಷ್ಟವಿಲ್ಲ.

ಆದರೆ ಹೊಸದಾಗಿ ಶುರುಮಾಡುವವರು ಮೊದಲು ಹಾಕುವುದು ಪೊಟ್ಟಣದ ಬೀಜದ ಕ್ಯಾಪ್ಸಿಕಂ, ಹೂಕೋಸು. ಹುಳ ಹತ್ತಿ, ನೀರು ಸಾಲದೆ, ಒಂದೇ ಬೇಸಿಗೆಗೆ ಕೈಬಿಡುವವರು ಬಹಳ. ಮನೆಯಲ್ಲಿ ವಾರಕ್ಕೆ ಎಷ್ಟು ದಿನ ಯಾವ ಸಾರು ಮಾಡುತ್ತೇವೆ ಎಂದು ಕೂತು ಯೋಚಿಸಿ, ಅದರಂತೆ ಮಡಿ ಹಾಕಿದರೆ ತೋಟ ಉಳಿಯುತ್ತದೆ. ದಂಟು, ಕಿರಕಸಾಲೆ ಬಿತ್ತಿದ ತಿಂಗಳೊಳಗೆ ಬಾಣಲೆಗೆ ಬರುತ್ತವೆ. ಕೊಯ್ದಷ್ಟೂ ಚಿಗುರುವ ‘ಅರ್ಕಾ ಸುಗುಣ’ದಂಥ ದಂಟಿನ ತಳಿಯೂ ಇದೆ. ನುಗ್ಗೆ, ಚಕ್ರಮುನಿ, ಬಸಳೆ ಒಮ್ಮೆ ಊರಿದರೆ ವರ್ಷಗಟ್ಟಲೆ ಕೊಡುತ್ತವೆ. ತಾನಾಗಿ ಬಂದ ಗಣಿಕೆ, ಗೋಣಿ ಸೊಪ್ಪನ್ನು ಗುರುತು ಹಿಡಿದು ಬಿಟ್ಟುಕೊಂಡರೆ ಬೆರಕೆ ಸೊಪ್ಪು ತುಂಬುತ್ತದೆ.

ಅವರೆಯ ವಿಷಯದಲ್ಲಿ ಎರಡು ದಾರಿಗಳಿವೆ. ಹೆಬ್ಬಾಳದಲ್ಲಿ ರೂಪಿಸಿದ ಹೆಬ್ಬಾಳ ಅವರೆ–3, ಹೆಬ್ಬಾಳ ಅವರೆ–4 ತಳಿಗಳು ಹಗಲಿನ ಉದ್ದಕ್ಕೆ ಕಾಯದೆ ವರ್ಷದ ಯಾವ ಕಾಲದಲ್ಲಾದರೂ ಕಾಯಿ ಬಿಡುವ ಗಿಡ್ಡ ಗಿಡಗಳು. ಸಣ್ಣ ಮಡಿಗೆ, ಕುಂಡಕ್ಕೆ ಹೇಳಿಮಾಡಿಸಿದವು. ಮಂಜಿನ ಸೊಗಡೇ ಬೇಕೆನ್ನುವವರು ಹಬ್ಬುವ ಹಳೆಯ ಅವರೆಯನ್ನು ಆಷಾಢ–ಶ್ರಾವಣದಲ್ಲಿ ಹಾಕಿ ಧನುರ್ಮಾಸದವರೆಗೆ ಕಾಯಬೇಕು. ಆ ಬೀಜ ಅಂಗಡಿಯಲ್ಲಿ ಸಿಗುವುದು ಅಪರೂಪ. ಇನ್ನೂ ತೆಂಗಿನ ತೋಟದ ಪಕ್ಕ ಒಂದಿಷ್ಟು ರಾಗಿ, ಅದರಲ್ಲಿ ಅಕ್ಕಡಿ ಉಳಿಸಿಕೊಂಡಿರುವ ನೆಂಟರ ಮನೆಗಳಲ್ಲಿ ಕೇಳಬೇಕು, ಅದೂ ಸಂಕ್ರಾಂತಿಗೆ ಮುಂಚೆಯೇ ಹೇಳಿಟ್ಟಿರಬೇಕು. ಆಮೇಲೆ ಹೋದರೆ ಬೀಜಕ್ಕೆ ಬಿಡಬೇಕಾದ ಕಾಯಿಯೂ ಹಸಿಯಾಗಿಯೇ ಹಿತಕಿದ ಬೇಳೆಗೆ ಹೋಗಿರುತ್ತದೆ.