ಹುಳಿಯಾದ ರಸ, ಗಟ್ಟಿಯಾಗದ ಬೆಲ್ಲ: ಆಮ್ಲದ ಸಾರತೆಯ ಪಾಠ

‘ಆಮ್ಲದ ಸಾರತೆ ಹೆಚ್ಚಿದಂತೆ ಕ್ರಿಯೆಯ ವೇಗ ಹೆಚ್ಚುತ್ತದೆ.’ ಹತ್ತನೇ ಇಯತ್ತೆಯ ಮಕ್ಕಳಿಗೆ ಈ ವಾಕ್ಯ ಬಾಯಿಪಾಠ. ಆದರೆ ‘ಹಂಗಾದ್ರ ಅನಿಲನೂ ಜಾಸ್ತಿ ಬರ್ತೈತೇನು?’ ಎಂದು ಕೇಳಿ ನೋಡಿ, ಬಹಳ ಮಕ್ಕಳು ‘ಹೌದ್ರಿ’ ಅನ್ನುತ್ತಾರೆ. ಬೇಗ ಆಗುವುದು ಬೇರೆ, ಹೆಚ್ಚು ಆಗುವುದು ಬೇರೆ. ಇದನ್ನು ಒಂದು ತತ್ತಿಯ ಸಿಪ್ಪೆಯಿಂದ ತೋರಿಸಬಹುದು.

ಸಿಪ್ಪೆಯ ಒಳಪೊರೆ ತೆಗೆದು, ಒಣಗಿಸಿ, ಪುಡಿ ಮಾಡಿ. 0.1 ಗ್ರಾಂನ ಮೂರು ಪಾಲು ಮಾಡಿಡಿ. ಮೊದಲ ಪ್ರನಾಳಕ್ಕೆ 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 6 ಮಿಲಿ ಹಾಕಿ. ಎರಡನೆಯದರಲ್ಲಿ 2 ಮಿಲಿ ನೀರಿಗೆ 4 ಮಿಲಿ ಆಮ್ಲ, ಮೂರನೆಯದರಲ್ಲಿ 4 ಮಿಲಿ ನೀರಿಗೆ 2 ಮಿಲಿ ಆಮ್ಲ. ನೀರಿಗೇ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ. ಈ ಕೆಲಸ ಶಿಕ್ಷಕರದೇ ಇರಲಿ. ಮೂರಕ್ಕೂ ಒಮ್ಮೆಲೇ ಪುಡಿ ಹಾಕಿ, ಗಡಿಯಾರ ಹಿಡಿಯಿರಿ.

ಮೊದಲನೆಯದರಲ್ಲಿ ನೊರೆ ಜೋರಾಗಿ ಎದ್ದು ಬೇಗ ನಿಲ್ಲುತ್ತದೆ, ಮೂರನೆಯದು ನಿಧಾನ. ಅದೇ 6 ಮಿಲಿಯಲ್ಲಿ ಹೈಡ್ರೋಜನ್ ಅಯಾನುಗಳು ದಟ್ಟವಾಗಿದ್ದಷ್ಟೂ ಪ್ರತಿ ಸೆಕೆಂಡಿಗೆ ಸಿಪ್ಪೆಗೆ ಬಡಿಯುವುದೂ ಹೆಚ್ಚು. ಆದರೆ ಅಷ್ಟು ಸಿಪ್ಪೆ ಕರಗಲು 0.002 ಮೋಲ್ ಆಮ್ಲ ಸಾಕು. ಮೂರನೆಯ ಪ್ರನಾಳದಲ್ಲೂ 0.004 ಮೋಲ್ ಇದೆ. ಅಂದರೆ ಮೂರರಲ್ಲೂ ಮೊದಲು ಮುಗಿಯುವುದು ಸಿಪ್ಪೆಯೇ. ಹಾಗಾಗಿ ಹುಟ್ಟುವ ಕಾರ್ಬನ್ ಡೈಆಕ್ಸೈಡ್ ಮೂರರಲ್ಲೂ ಒಂದೇ, ಹೆಚ್ಚೆಂದರೆ 24 ಮಿಲಿ. ಆಲೇಖ ಬರೆದರೆ ಏರುವ ಕಡಿದು ಬೇರೆ, ಮುಟ್ಟುವ ಎತ್ತರ ಒಂದೇ.

ಇದೇ ಪಾಠ ನಮ್ಮ ಸೋಲಾಪುರ ಸೀಮೆಯ ಗಾಣದಮನೆಯಲ್ಲಿ ರೈತನ ರೊಕ್ಕದ ಪ್ರಶ್ನೆಯಾಗುತ್ತದೆ. ಕಡಿದ ಕಬ್ಬು ನಾಲ್ಕಾರು ದಿನ ಬಿದ್ದರೆ ಸೂಕ್ಷ್ಮಜೀವಿಗಳು ಬೆಳೆದು ಆಮ್ಲ ಉಂಟುಮಾಡುತ್ತವೆ. ‘ರಸ ಹುಳಿ ಬಂದೈತಿ, ಬೆಲ್ಲ ಗಟ್ಟಿ ಆಗಂಗಿಲ್ಲ’ ಎಂದು ಹಿರಿಯರು ಹೇಳುವುದು ಇದಕ್ಕೇ. ಆಮ್ಲವಿರುವ ರಸ ಕಾಯ್ದಾಗ ಸುಕ್ರೋಸ್ ನೀರಿನೊಡನೆ ಸೇರಿ ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಇವು ಹರಳುಗಟ್ಟಲು ಬಿಡುವುದಿಲ್ಲ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತವೆ. ಬೆಲ್ಲ ಜಿಗುಟಾಗುತ್ತದೆ, ಬೆಲೆ ಇಳಿಯುತ್ತದೆ. ಕಡಿದ ಕಬ್ಬಿನೊಳಗಿನ ಕಿಣ್ವವೂ ಸ್ವಲ್ಪ ಸಕ್ಕರೆ ಒಡೆಯುತ್ತದೆ. ಕೊಪ್ಪರಿಗೆಯ ಕುದಿತದಲ್ಲಿ ಕಿಣ್ವ ಕೆಡುತ್ತದೆ, ಆಮ್ಲದ ಕೆಲಸ ಮುಂದುವರಿಯುತ್ತದೆ.

ತಾಜಾ ರಸದ ಪಿಹೆಚ್ 5ಕ್ಕಿಂತ ತುಸು ಮೇಲೆ. ಅದು 5.3ರಿಂದ 4.3ಕ್ಕೆ ಇಳಿದರೆ ನೋಡಲು ‘ಒಂದೇ’ ಅಂಕ. ಆದರೆ ಹೈಡ್ರೋಜನ್ ಅಯಾನುಗಳ ಸಾರತೆ ಹತ್ತು ಪಟ್ಟು. ಅದೇ ಉಷ್ಣತೆಯಲ್ಲಿ ಸಕ್ಕರೆ ಒಡೆಯುವ ವೇಗವೂ ಸುಮಾರು ಹತ್ತು ಪಟ್ಟು. ಇನ್ನೊಂದು ಮಾತು: ಸಿಪ್ಪೆಯ ಪ್ರಯೋಗದಲ್ಲಿ ಆಮ್ಲ ಖರ್ಚಾಗುತ್ತದೆ, ಇಲ್ಲಿ ಖರ್ಚಾಗುವುದಿಲ್ಲ. ಅದು ಕ್ರಿಯಾವರ್ಧಕ. ಅವೇ ಅಯಾನುಗಳು ಕೊಪ್ಪರಿಗೆ ಇಳಿಸುವವರೆಗೂ ದುಡಿಯುತ್ತವೆ. ಸ್ವಲ್ಪ ಹುಳಿ ದೊಡ್ಡ ನಷ್ಟ ಮಾಡುವುದು ಹೀಗೆ.

ಕ್ರಿಯೆಯ ವೇಗವನ್ನು ಅಳೆದು ಗಣಿತದ ಸೂತ್ರಕ್ಕೆ ತಂದ ಮೊದಲ ಅಧ್ಯಯನ ನಡೆದದ್ದೂ ಇದೇ ಕ್ರಿಯೆಯ ಮೇಲೆ. 1850ರಲ್ಲಿ ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ ಆಮ್ಲ ಬೆರೆಸಿದ ಸಕ್ಕರೆ ದ್ರಾವಣದಲ್ಲಿ ಧ್ರುವೀಕೃತ ಬೆಳಕು ಎಷ್ಟು ತಿರುಗುತ್ತದೆಂದು ಹೊತ್ತುಹೊತ್ತಿಗೆ ಅಳೆದು, ಸಕ್ಕರೆ ಒಡೆಯುವ ವೇಗವನ್ನು ಲೆಕ್ಕ ಹಾಕಿದ. ಮನೆಯಲ್ಲಿ ತಾಯಂದಿರು ಜಾಮೂನಿನ ಪಾಕಕ್ಕೆ ನಾಲ್ಕು ಹನಿ ಲಿಂಬೆರಸ ಹಿಂಡುವುದೂ ಇದೇ ಕ್ರಿಯೆಗಾಗಿ. ಅಲ್ಲಿ ಪಾಕ ಹರಳುಗಟ್ಟಬಾರದು, ಆದ್ದರಿಂದ ಹುಳಿ ಬೇಕು. ಬೆಲ್ಲಕ್ಕೆ ಹರಳು ಬೇಕು, ಆದ್ದರಿಂದ ಹುಳಿ ಬೇಡ.

ಗಾಣದವರು ರಸಕ್ಕೆ ಸುಣ್ಣದ ನೀರು ಹಾಕುವುದು ಅಯಾನುಗಳ ಸಾರತೆ ತಗ್ಗಿಸಲು. ಅತಿಯಾದರೆ ಬೆಲ್ಲ ಕಪ್ಪಾಗುತ್ತದೆ. ಈ ಪಾಠ ಮುಗಿದ ಮೇಲೆ ಮಕ್ಕಳಿಗೆ ಒಂದು ಪ್ರಶ್ನೆ ಕೊಡಿ: ಅರ್ಧ ಕುದಿದ ಮೇಲೆ ಸುಣ್ಣ ಹಾಕಿದರೆ, ಒಡೆದ ಸಕ್ಕರೆ ತಿರುಗಿ ಕೂಡುತ್ತದೆಯೇ? ಇಲ್ಲ. ಸುಣ್ಣ ಮುಂದಿನ ವೇಗವನ್ನು ತಗ್ಗಿಸುತ್ತದೆ, ಹೋದದ್ದನ್ನು ತರುವುದಿಲ್ಲ. ಅದಕ್ಕೇ ತಿಳಿದವರು ಒಲೆಯ ಉರಿ ಏರುವ ಮೊದಲೇ ಸುಣ್ಣ ಹಾಕುತ್ತಾರೆ. ಈ ಉತ್ತರವನ್ನು ಕಾರಣ ಸಮೇತ ಬರೆದ ಮಗು ‘ವೇಗ’ ಎಂಬ ಪದವನ್ನು ಅರ್ಥಮಾಡಿಕೊಂಡಿದೆ ಎಂದು ಧೈರ್ಯವಾಗಿ ಅಂಕ ಕೊಡಬಹುದು.