ಹೊಲಿಗೆಯಂಚಿನ ಸೋರಿಕೆ

ಮುಂಬೈ ಬಳಿಯ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಯಾರಿಗಾದರೂ ಏದುಸಿರು ಬಂದರೆ ಕಾರಣ ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಕಂಪನಿಯ ಹೊಗೆ, ಅಷ್ಟೇ. 2020ರ ಫೆಬ್ರವರಿಯಲ್ಲಿ ಇಲ್ಲಿನ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿತ್ತು. 2016ರ ಮೇ ತಿಂಗಳಲ್ಲೊಮ್ಮೆ, 2024ರ ಮೇ ತಿಂಗಳಲ್ಲಿ ಮತ್ತೊಮ್ಮೆ ರಾಸಾಯನಿಕ ಕಾರ್ಖಾನೆ ಸ್ಫೋಟಿಸಿ ಸುತ್ತಲಿನ ಕಟ್ಟಡಗಳ ಕಿಟಕಿ ಗಾಜು ಉದುರಿದ್ದನ್ನು ಕಂಡವರು ಹೊಗೆಯನ್ನು ದೂರದೆ ಇನ್ನೇನು ಮಾಡಿಯಾರು? ಆದರೆ ಎಂಟು ಹತ್ತು ವರ್ಷಗಳ ಹಿಂದೆ ಹೃದಯದ ವಾಲ್ವ್ ಬದಲಿಸಿಕೊಂಡವರು ರೈಲ್ವೆ ಸೇತುವೆಯ ಮೆಟ್ಟಿಲಲ್ಲಿ ಎರಡೆರಡು ಸಲ ನಿಂತು ಸುಧಾರಿಸಿಕೊಳ್ಳುವಂತಾದರೆ, ಅದಕ್ಕೂ ಹೊಗೆಯನ್ನೇ ಹೊಣೆ ಮಾಡಿ ಇನ್‌ಹೇಲರ್ ಕೊಳ್ಳುವುದು ಅಪಾಯ. ಸೋರಿಕೆ ಕಾರ್ಖಾನೆಯಲ್ಲಲ್ಲ, ಎದೆಯೊಳಗೇ ಇರಬಹುದು.

ವೈದ್ಯರು ಇದನ್ನು ಪ್ಯಾರಾವಾಲ್ವ್ಯುಲರ್ ಲೀಕ್ ಅನ್ನುತ್ತಾರೆ. ಪ್ಲಾಂಟಿನಲ್ಲಿ ಫಿಟ್ಟರ್ ಆಗಿ ದುಡಿದವರಿಗೆ ಒಂದೇ ಮಾತಿನಲ್ಲಿ ತಿಳಿಯುತ್ತದೆ: ವಾಲ್ವ್ ಸರಿಯಾಗಿಯೇ ಮುಚ್ಚುತ್ತಿದೆ, ತೊಟ್ಟಿಕ್ಕುತ್ತಿರುವುದು ಫ್ಲೇಂಜಿನ ಗ್ಯಾಸ್ಕೆಟ್. ಕೃತಕ ವಾಲ್ವಿನ ಸುತ್ತ ಪಾಲಿಯೆಸ್ಟರ್ ಬಟ್ಟೆಯ ಉಂಗುರವಿರುತ್ತದೆ. ಸರ್ಜನ್ ಅದನ್ನು ಹೃದಯದ ಮಾಂಸಕ್ಕೆ ಹೊಲಿಯುತ್ತಾರೆ. ಮಾಂಸ ಮೆತ್ತಗಾಗಿದ್ದರೆ, ಸುಣ್ಣ ಕಟ್ಟಿದ್ದರೆ, ಆಮೇಲೆ ಎಂದಾದರೂ ಸೋಂಕು ತಗಲಿದರೆ ಒಂದೆರಡು ಹೊಲಿಗೆ ಬಿಟ್ಟುಕೊಂಡು ಅಂಚಿನಲ್ಲಿ ಸಂದು ಮೂಡುತ್ತದೆ. ಸಣ್ಣ ಸಂದು ಅನೇಕರಲ್ಲಿ ಇದ್ದರೂ ತೊಂದರೆ ಕೊಡುವುದಿಲ್ಲ. ನಿಜವಾಗಿ ಕಾಡುವುದು ನೂರಕ್ಕೆ 1ರಿಂದ 5 ಮಂದಿಯನ್ನು.

ಕಾಡುವ ರೀತಿಯೂ ಎರಡು. ಮುಂದೆ ಹೋಗಬೇಕಾದ ರಕ್ತ ಹಿಂದಕ್ಕೆ ನುಗ್ಗಿ ಶ್ವಾಸಕೋಶದಲ್ಲಿ ನೀರು ನಿಲ್ಲುವುದು ಒಂದು. ಇನ್ನೊಂದು ಹೆಚ್ಚು ಮೋಸದ್ದು. ಕಿರಿದಾದ ಸಂದಿಯಲ್ಲಿ ರಭಸದಿಂದ ನುಸುಳುವಾಗ ಕೆಂಪು ರಕ್ತಕಣಗಳು ಹರಿದುಹೋಗುತ್ತವೆ. ಹಿಮೋಗ್ಲೋಬಿನ್ ಇಳಿಯುತ್ತದೆ, ಕಣ್ಣು ಹಳದಿಯಾಗುತ್ತದೆ, ಮೂತ್ರ ಕಪ್ಪುಗೆಂಪಾಗುತ್ತದೆ. ಮನೆಯವರು ಕಾಮಾಲೆ ಎಂದುಕೊಂಡು ಔಷಧಿ ಕೊಡಿಸುತ್ತಾರೆ, ಇಲ್ಲವೇ ಕಬ್ಬಿಣಾಂಶದ ಮಾತ್ರೆ ತಂದುಕೊಡುತ್ತಾರೆ. ರಕ್ತ ಎಲ್ಲಿ ಹಾಳಾಗುತ್ತಿದೆ ಎಂದು ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ವಾಲ್ವ್ ಬದಲಿಸಿಕೊಂಡವರು ಮುದುಕರೇ ಆಗಿರಬೇಕಿಲ್ಲ. ಬಾಲ್ಯದ ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಇಪ್ಪತ್ತು ಮೂವತ್ತರಲ್ಲೇ ವಾಲ್ವನ್ನು ಕೆಡಿಸಿಬಿಡುತ್ತದೆ. ಇಂಥವರ ಕೈಗೆಟಕುವ ಬೆಲೆಯಲ್ಲಿ ದೇಶದೊಳಗೇ ವಾಲ್ವ್ ಆಗಬೇಕೆಂದು ಪಟ್ಟುಹಿಡಿದವರು ಡಾ. ಎಂ.ಎಸ್. ವಲಿಯತ್ತಾನ್. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಅವರ ತಂಡ ರೂಪಿಸಿದ ಚಿತ್ರಾ ವಾಲ್ವ್ ಮೊದಲ ಬಾರಿ ರೋಗಿಯ ಎದೆಗೇರಿದ್ದು 1990ರ ಡಿಸೆಂಬರ್ 6ರಂದು. ಆಮೇಲೆ ಅದು ಲಕ್ಷಕ್ಕೂ ಹೆಚ್ಚು ಮಂದಿಗೆ ಕೂತಿದೆ. ವಲಿಯತ್ತಾನ್ ಮುಂದೆ ಮಣಿಪಾಲದವರೇ ಆದರು, 2024ರ ಜುಲೈಯಲ್ಲಿ ಅಲ್ಲಿಯೇ ತೀರಿಕೊಂಡರು. ಆದರೆ ವಾಲ್ವ್ ಎಷ್ಟೇ ಗಟ್ಟಿಯಿದ್ದರೂ ಅದನ್ನು ಹೊಲಿದ ಮಾಂಸ ರೋಗಿಯದೇ ಅಲ್ಲವೇ?

ಸೋರಿಕೆ ಪತ್ತೆಯಾದ ಮೇಲೆ ರೋಗಿ ಹೇಳುವ ಮೊದಲ ಮಾತು, "ಇನ್ನೊಮ್ಮೆ ಎದೆ ಸೀಳಿಸಿಕೊಳ್ಳಲಾರೆ ಮಾರಾಯ್ರೆ." ಅದು ಬರೀ ಪುಕ್ಕಲುತನವಲ್ಲ. ಒಮ್ಮೆ ತೆರೆದ ಎದೆಯಲ್ಲಿ ಹೃದಯ ಎದೆಮೂಳೆಗೆ ಅಂಟಿಕೊಂಡಿರುತ್ತದೆ. ಮೂಳೆ ಕೊಯ್ಯುವ ಗರಗಸ ಹೃದಯಕ್ಕೇ ತಾಗುವ ಭಯ ಸರ್ಜನ್‌ಗೂ ಇದೆ. ಹೀಗೆ ದಾರಿ ಮುಚ್ಚಿದ್ದ ಕೆಲವು ರೋಗಿಗಳಲ್ಲಿ ತೊಡೆಸಂದಿನಿಂದ ಕ್ಯಾತಿಟರ್ ತೂರಿಸಿ ಸಂದು ಮುಚ್ಚಿದ ವರದಿಯನ್ನು ಅಮೆರಿಕದ ಬಾಸ್ಟನ್ನಿನ ವೈದ್ಯರು 1992ರಲ್ಲಿ ಪ್ರಕಟಿಸಿದರು. ಅವರು ಬಳಸಿದ್ದು ಮಕ್ಕಳ ಹುಟ್ಟುರಂಧ್ರ ಮುಚ್ಚಲೆಂದು ಮಾಡಿದ್ದ, ಕೊಡೆಯಂತೆ ಬಿಚ್ಚಿಕೊಳ್ಳುವ ರಾಶ್‌ಕಿಂಡ್ ಸಾಧನ. ಹೀಗೆ ಬೇರೆ ಕೆಲಸಕ್ಕೆ ಹುಟ್ಟಿದ ಸಾಧನವನ್ನು ಇಲ್ಲಿಗೆ ಹೊಂದಿಸಿಕೊಳ್ಳುವ ಜುಗಾಡ್ ಬಹುಕಾಲ ನಡೆಯಿತು, ಈಗಲೂ ಪೂರ್ತಿ ನಿಂತಿಲ್ಲ. ಕರ್ಟ್ ಆಂಪ್ಲಾಟ್ಜ್ ನಿಕಲ್-ಟೈಟಾನಿಯಂ ತಂತಿಯಲ್ಲಿ ಹೆಣೆದ ಪ್ಲಗ್‌ಗಳು ಬಂದ ಮೇಲೆ ಕೈ ಪಳಗಿತು. ಎಳೆದರೆ ತೆಳ್ಳಗಾಗಿ ಕೊಳವೆಯೊಳಗೆ ಸೇರುತ್ತವೆ, ಹೊರಬಿದ್ದೊಡನೆ ತಮ್ಮ ಆಕಾರಕ್ಕೆ ಮರಳುತ್ತವೆ.

ಹೇಳುವಷ್ಟು ಸಲೀಸಲ್ಲ ಕೆಲಸ. ಮೈಟ್ರಲ್ ವಾಲ್ವಿನ ಸೋರಿಕೆಯಾದರೆ ತೊಡೆಯ ಅಭಿಧಮನಿಯಿಂದ ಬಲ ಮೇಲ್ಗೋಣೆಗೆ ಹೋಗಿ, ನಡುಗೋಡೆಯನ್ನು ಸೂಜಿಯಿಂದ ಚುಚ್ಚಿ, ಎಡಕ್ಕೆ ದಾಟಬೇಕು. ಅಲ್ಲಿ ಬಡಿಯುತ್ತಿರುವ ವಾಲ್ವಿನ ಬಾಯಿ ತಪ್ಪಿಸಿ, ಅಂಚಿನ ಕೆಲವೇ ಮಿಲಿಮೀಟರ್ ಸಂದಿಯಲ್ಲಿ ತಂತಿ ತೂರಿಸಬೇಕು. ಎಕ್ಸ್‌ರೇ ಪರದೆಯಲ್ಲಿ ಸಂದು ಕಾಣುವುದೇ ಇಲ್ಲ. ಅನ್ನನಾಳದೊಳಗೆ ಇಳಿಸಿದ ಎಕೋ, ಅಂದರೆ ಅಲ್ಟ್ರಾಸೌಂಡ್ ಕೊಳವೆ ಹಿಡಿದ ವೈದ್ಯರು "ಹತ್ತು ಗಂಟೆಯ ಜಾಗ" ಎಂದು ಗಡಿಯಾರದ ಲೆಕ್ಕದಲ್ಲಿ ಕೂಗಿ ಹೇಳುತ್ತಾರೆ, ತಂತಿ ಹಿಡಿದವರು ಅತ್ತ ತಿರುಗಿಸುತ್ತಾರೆ. ಸಂದು ಸಾಮಾನ್ಯವಾಗಿ ಅರ್ಧಚಂದ್ರಾಕಾರ, ಪ್ಲಗ್‌ಗಳು ಹೆಚ್ಚಾಗಿ ದುಂಡಗೆ. ಹಾಗಾಗಿ ಒಂದು ದೊಡ್ಡದರ ಬದಲು ಎರಡು ಚಿಕ್ಕವನ್ನು ಅಕ್ಕಪಕ್ಕ ಕೂರಿಸುವುದುಂಟು. ಲೋಹದ ವಾಲ್ವಿನ ಬಿಲ್ಲೆಗೆ ಪ್ಲಗ್ ಅಡ್ಡಬಂದರೆ ಜೀವಕ್ಕೇ ಸಂಚಕಾರ. ಅದಕ್ಕೇ ಬಿಲ್ಲೆ ಸರಾಗವಾಗಿ ತೆರೆದು ಮುಚ್ಚುವುದನ್ನು ನೋಡಿಕೊಂಡ ಮೇಲಷ್ಟೇ ಕೊನೆಯ ತಿರುಪು ಬಿಚ್ಚುತ್ತಾರೆ. ಅಲ್ಲಿಯವರೆಗೆ ಹೊರಗೆಳೆದುಕೊಳ್ಳುವ ಅವಕಾಶವಿದೆ.

ಎಲ್ಲರಿಗೂ ಇದು ಒಗ್ಗುವುದಿಲ್ಲ. ಸೋಂಕು ಇನ್ನೂ ಜೀವಂತವಿದ್ದರೆ, ವಾಲ್ವ್ ಅಲ್ಲಾಡುತ್ತಿದ್ದರೆ, ಸಂದು ಸುತ್ತಳತೆಯ ಮೂರನೇ ಒಂದು ಭಾಗ ಮೀರಿದ್ದರೆ ಸರ್ಜನ್ನರೇ ಗತಿ. ಬ್ರಿಟನ್ ಮತ್ತು ಐರ್ಲೆಂಡಿನ 20 ಆಸ್ಪತ್ರೆಗಳು ಸೇರಿ 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 259 ರೋಗಿಗಳಿಗೆ 308 ಬಾರಿ ಈ ಚಿಕಿತ್ಸೆ ನಡೆದಿತ್ತು. ಅಂದರೆ ಕೆಲವರು ಎರಡನೇ ಸಲವೂ ಮಲಗಬೇಕಾಯಿತು. ಅರೆಬರೆ ಮುಚ್ಚಿದರೆ ಏದುಸಿರು ತಗ್ಗಿದರೂ ರಕ್ತಕಣ ಒಡೆಯುವುದು ಇನ್ನಷ್ಟು ಹೆಚ್ಚುವುದುಂಟು, ಸಂದು ಕಿರಿದಾದಷ್ಟೂ ರಭಸ ಜಾಸ್ತಿ. "ಆಪರೇಷನ್ನೇ ಬೇಡ, ಮರುದಿನ ಮನೆಗೆ" ಎಂಬ ಜಾಹೀರಾತಿನ ಧಾಟಿ ನನಗೆ ಹಿಡಿಸದಿರುವುದು ಇದಕ್ಕೇ.

ಶಸ್ತ್ರಚಿಕಿತ್ಸೆಯ ನಂತರದ ರಿಪೇರಿ ವಾಲ್ವಿನ ಅಂಚಿಗೇ ಮುಗಿಯುವುದಿಲ್ಲ. ಮಕ್ಕಳಲ್ಲಿ ರಂಧ್ರಕ್ಕೆ ಹಾಕಿದ ತೇಪೆಯ ಬದಿ ಬಿಟ್ಟರೆ ಪ್ಲಗ್ಗಿನಿಂದ ಮುಚ್ಚಬಹುದು. ಫಾಂಟನ್ ಎಂಬ ಶಸ್ತ್ರಚಿಕಿತ್ಸೆಯಲ್ಲಂತೂ ಒತ್ತಡ ತಾಳಲೆಂದು ಸರ್ಜನ್ನರೇ ಬೇಕೆಂದು ಒಂದು ತೂತು ಬಿಡುವುದುಂಟು. ಹೃದಯ ಹೊಂದಿಕೊಂಡ ಮೇಲೆ ಅದನ್ನು ಮುಚ್ಚುವ ಸರದಿ ಕ್ಯಾತಿಟರಿನದು. 2000ದಲ್ಲಿ ಪ್ಯಾರಿಸ್ಸಿನಲ್ಲಿ ಫಿಲಿಪ್ ಬೊನ್‌ಹೋಫರ್, ಹಿಂದೆ ಹೊಲಿದಿದ್ದ ಕೊಳವೆ ಕೆಟ್ಟಿದ್ದ 12 ವರ್ಷದ ಹುಡುಗನಿಗೆ ರಕ್ತನಾಳದ ಮೂಲಕವೇ ಹೊಸ ವಾಲ್ವ್ ಕೂರಿಸಿದರು. ಹಸುವಿನ ಕತ್ತಿನ ಅಭಿಧಮನಿಯಿಂದ ತೆಗೆದ ವಾಲ್ವದು.

ಡೊಂಬಿವಲಿಯ ಕನ್ನಡಿಗರಿಗೆ ಇದರಲ್ಲೊಂದು ಸ್ವಂತದ ತೊಡಕಿದೆ. ಉಡುಪಿ, ಮಂಗಳೂರು ಕಡೆಯವರು ಆಪರೇಷನ್ನಿಗೆ ಊರಿಗೆ ಹೋಗುತ್ತಾರೆ. ನೋಡಿಕೊಳ್ಳಲು ಅಕ್ಕ, ಅತ್ತಿಗೆ ಅಲ್ಲಿದ್ದಾರೆ. ಎದ್ದು ಓಡಾಡುವಂತಾದ ಮೇಲೆ ಮರಳಿ ಇಲ್ಲಿನ ಶಿಫ್ಟಿಗೆ. ಫೈಲ್ ಊರಿನ ಕಪಾಟಿನಲ್ಲೇ ಉಳಿಯುತ್ತದೆ. ಇಲ್ಲಿನ ಡಾಕ್ಟರು ರಕ್ತ ತೆಳುವಾಗುವ ಮಾತ್ರೆ, ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಐಎನ್‌ಆರ್ ಪರೀಕ್ಷೆಗಳನ್ನು ನೋಡಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆಯ ಎಕೋ ಮಾತ್ರ ಎರಡೂರಿನ ನಡುವೆ ಬಿದ್ದುಹೋಗುತ್ತದೆ. ಮುಂದೆ ಪ್ಲಗ್ ಹಾಕಬೇಕಾದವರು ಮೊದಲು ಕೇಳುವುದೇ ಕೂರಿಸಿದ ವಾಲ್ವ್ ಯಾವುದು, ಅಳತೆ ಎಷ್ಟು ಎಂದು. ಆ ವಿವರವಿರುವ ವಾಲ್ವ್ ಕಾರ್ಡ್, ಡಿಸ್ಚಾರ್ಜ್ ಸಾರಾಂಶ, ಆಪರೇಷನ್ ಆದ ಹೊಸತರಲ್ಲಿ ತೆಗೆದ ಎಕೋ, ಮೂರನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಸಾಕು. ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೂ ವಾಲ್ವಿನ ವಿಷಯ ಹೇಳಬೇಕು. ಬಾಯಿಯ ರೋಗಾಣುವಿಗೆ ಆ ಹೊಲಿಗೆಯ ಅಂಚು ಇಷ್ಟದ ಜಾಗ.

ಆಂಜಿಯೋಗ್ರಫಿ, ಸ್ಟೆಂಟ್ ಈಗ ಕಲ್ಯಾಣ–ಡೊಂಬಿವಲಿಯಲ್ಲೇ ಆಗುತ್ತವೆ. ಸೋರಿಕೆ ಮುಚ್ಚುವ ಕೆಲಸಕ್ಕೆ ಮಾತ್ರ ಎಕೋ ತಜ್ಞ, ಸರ್ಜನ್, ಕ್ಯಾತ್ ಲ್ಯಾಬ್ ಒಂದೇ ಸೂರಿನಡಿ ಇರುವ, ಇಂಥವನ್ನು ಆಗಾಗ ಮಾಡುವ ದೊಡ್ಡ ಆಸ್ಪತ್ರೆಯೇ ಬೇಕು. ಮುಂಬೈಗೆ ಲೋಕಲ್ ರೈಲು ಹತ್ತುವುದು ತಪ್ಪದು. ಖರ್ಚಿನ ವಿಷಯದಲ್ಲಿ ಕಾರ್ಖಾನೆ ನೌಕರರು ಒಂದನ್ನು ಗಮನಿಸಬೇಕು. ನೌಕರರ ಆರೋಗ್ಯ ವಿಮೆಯಾದ ಇಎಸ್‌ಐಗೆ 2017ರಿಂದ ಇರುವ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ಇನ್‌ಕ್ರಿಮೆಂಟ್ ಸಿಕ್ಕಿ ಮಿತಿ ದಾಟಿದರೂ ವಂತಿಗೆಯ ಆ ಅವಧಿ, ಅಂದರೆ ಸೆಪ್ಟೆಂಬರ್ ಇಲ್ಲವೇ ಮಾರ್ಚ್ ಮುಗಿಯುವವರೆಗೆ ವಂತಿಗೆ ಮುರಿಯುತ್ತಲೇ ಇರುತ್ತದೆ, ಸೌಲಭ್ಯವೂ ತಕ್ಷಣ ತಪ್ಪುವುದಿಲ್ಲ. ಎದೆಯಲ್ಲಿ ವಾಲ್ವ್ ಇದ್ದು ಸಂಬಳ ಏರಿದವರು ಎಕೋ ಮಾಡಿಸಿಕೊಳ್ಳಲು ಮುಂದಿನ ವರ್ಷ ಕಾಯಬಾರದು.