ರದ್ದಿಗೆ ಹಾಕುವ ಮುನ್ನ ಹೆಸರು ನೋಡಿರಿ!

ಘತ್ತರಗಿ: ಅಜ್ಜನ ಕಾಲದ ಉದ್ರಿ ವಹಿ, ಖಿರ್ದಿ ಪುಸ್ತಕ ತೂಕಕ್ಕೆ ಹಾಕಿದರೆ ಎಷ್ಟು ಬಂದೀತು? ನಾಲ್ಕು ಮಂದಿಯ ಚಹಾದ ದುಡ್ಡು. ಆದರೆ ಅದರೊಳಗೆ ಒಬ್ಬ ಕೂಲಿ ಆಳಿನ ಹೆಸರು ಇದ್ದರೆ? ಆ ಹೆಸರು ಜಗತ್ತಿನಲ್ಲಿ ಬೇರೆಲ್ಲೂ ಬರೆದಿರದಿದ್ದರೆ?

"ಅದಕ್ಯಾಕ್ರಿ ಇಷ್ಟು ತಲಿ ಕೆಡಿಸ್ಕೋಬೇಕು" ಅಂದಾರು ಅಂಗಡಿಯವರು. ಅಮೆರಿಕದ ಕಪ್ಪು ಜನರನ್ನು ಕೇಳಿದರೆ ಅದರ ಬೆಲೆ ಹೇಳುತ್ತಾರೆ.

ಹೆಸರಿಲ್ಲದ ಎಣಿಕೆ

ಆ ದೇಶದಲ್ಲಿ 1850 ಮತ್ತು 1860ರಲ್ಲಿ ಜನಗಣತಿ ನಡೆದಾಗ ಗುಲಾಮರಿಗೆ ಬೇರೆ ಪಟ್ಟಿ. ಮಾಲಕನ ಹೆಸರು ದಪ್ಪಗೆ ಬರೆದರು. ಅದರ ಕೆಳಗೆ ಗುಲಾಮರ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಸರು ಮಾತ್ರ ಬಹುತೇಕ ಇಲ್ಲ. ಎತ್ತಿನ ಹಲ್ಲು ನೋಡಿ ಲೆಕ್ಕ ಹಿಡಿದ ಹಾಗೆ! 1865ರಲ್ಲಿ ಗುಲಾಮಗಿರಿ ರದ್ದಾಯಿತು. ಬಿಡುಗಡೆಯಾದ ಅಷ್ಟೂ ಜನರ ಹೆಸರು ಜನಗಣತಿಗೆ ಬಂದದ್ದು 1870ರಲ್ಲಿ. ಇಂದು ಮೊಮ್ಮಕ್ಕಳು ಮನೆತನದ ಬೇರು ಹುಡುಕುತ್ತ ಹೋದರೆ ಆ ಇಸವಿಗೆ ಬಂದು ಗೋಡೆಗೆ ಹಣೆ ಬಡಿದಂತೆ ನಿಲ್ಲುತ್ತಾರೆ.

ಗೋಡೆಯಾಚೆ ದಾರಿ ತೋರುವುದು ಯಾವುದು? ಅದೇ ಮಾಲಕರ ಲೆಕ್ಕದ ವಹಿ, ಮೃತ್ಯುಪತ್ರ, ಖರೀದಿ ಪತ್ರ. ಯಾರನ್ನು ಎಷ್ಟಕ್ಕೆ ಕೊಂಡರು, ಯಾರಿಗೆ ಕಂಬಳಿ ಕೊಟ್ಟರು ಎಂಬ ಸಾಲಿನೊಳಗೆ ಒಂದು ಹೆಸರು ಸಿಗುತ್ತದೆ. ಅಲೆಕ್ಸ್ ಹೇಲಿ 1976ರಲ್ಲಿ 'ರೂಟ್ಸ್' ಬರೆದ ಮೇಲೆ ಮನೆಮನೆಯಲ್ಲಿ ಈ ಹುಡುಕಾಟ ಹೆಚ್ಚಿತು. ಆರ್ಟುರೊ ಶೋಂಬರ್ಗ್ ಎಂಬಾತ ಕಪ್ಪು ಜನರ ಪುಸ್ತಕ, ಪತ್ರ, ಚಿತ್ರ ಒಂದೊಂದಾಗಿ ಕೂಡಿಟ್ಟಿದ್ದ. ಅದನ್ನು 1926ರಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯ ಕೊಂಡಿತು. ಅದರಿಂದ ಬೆಳೆದ ಕೇಂದ್ರವೇ 2013ರಲ್ಲಿ ಭಾರತದ ಆಫ್ರಿಕನ್ನರ ಬಗ್ಗೆ ಪ್ರದರ್ಶನ ಇಟ್ಟಿತು.

ಕಲಬುರಗಿಯ ಹಬಶಿಗಳು

ಭಾರತದಲ್ಲಿ ಆಫ್ರಿಕನ್ನರೇ? ಹೌದು. ದೂರ ಹೋಗಬೇಕಿಲ್ಲ. ಬಹಮನಿ ಸುಲ್ತಾನರ ಕಡೆಗಾಲದಲ್ಲಿ ಕಲಬುರಗಿ ಸೀಮೆ ಆಳಿದವನು ದಸ್ತೂರ್ ದೀನಾರ್ ಎಂಬ ಹಬಶಿ ಸರದಾರ. ಬೀದರದಲ್ಲಿ ಹಬಶಿ ಕೋಟೆ ಎಂಬ ಜಾಗದಲ್ಲಿ ಅವರ ಗೋರಿಗಳು ಇಂದಿಗೂ ಇವೆ. ಇಥಿಯೋಪಿಯಾದಲ್ಲಿ ಹುಟ್ಟಿದ ಚಾಪು ಎಂಬ ಹುಡುಗನನ್ನು ಕೈಯಿಂದ ಕೈಗೆ ಮಾರಿದರು, ಕೊಂಡವನೊಬ್ಬ ಅಂಬರ್ ಎಂದು ಹೆಸರಿಟ್ಟ. ಅವನೇ ಅಹಮದನಗರದ ಮಲಿಕ್ ಅಂಬರ್. ಮೊಗಲರನ್ನು ಕಾಡಿ 1626ರಲ್ಲಿ ತೀರಿಕೊಂಡ.

ಸರದಾರನ ಹೆಸರು ಚರಿತ್ರೆಕಾರರು ಬರೆದಿಟ್ಟರು. ಅವನ ಹಿಂದೆ ಈಟಿ ಹಿಡಿದು ನಿಂತ ಹಬಶಿ ಸಿಪಾಯಿಯ ಹೆಸರು ಯಾರು ಬರೆದರು? ಯಾರೂ ಇಲ್ಲ.

ಕೌದಿಯೇ ಕಾಗದ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳದೂ ಇದೇ ಕತೆ. ಅವರ ಹಿರಿಯರಲ್ಲಿ ಬಹಳ ಮಂದಿಯನ್ನು ಪೋರ್ತುಗೀಜರು ಹಡಗಿನಲ್ಲಿ ಗೋವಾಕ್ಕೆ ತಂದಿದ್ದರು. ತಪ್ಪಿಸಿಕೊಂಡವರು ಕಾಡು ಸೇರಿದರು. ಓಡಿ ಬಂದವರ ಕೈಯಲ್ಲಿ ಕಾಗದವೆಲ್ಲಿಂದ ಬರಬೇಕು? ಉಳಿದದ್ದು ದಮಾಮಿ ಬಡಿತ, ಹಿರಿಯರ ಬಾಯಿಮಾತು, ಹೆಂಗಸರು ಹೊಲಿಯುವ ಕೌದಿ. ಮುದುಕಿಯ ಸೀರೆ, ಕೂಸಿನ ಅಂಗಿ ಹಚ್ಚಿ ಹೊಲಿದು, ನಾಲ್ಕು ಮೂಲೆಗೆ ಬಟ್ಟೆ ಮಡಚಿ ಹೂವು ಕೂಡಿಸುತ್ತಾರೆ. ಬಿಚ್ಚಿ ಹಾಸಿದರೆ ಮನೆಮಂದಿಯೆಲ್ಲ ಅದರೊಳಗೆ! 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಸರ್ಕಾರದ ದಫ್ತರಕ್ಕೆ ಈಗ ಹೆಸರು ಬಂತು. ಹಿಂದಿನ ಮುನ್ನೂರು ವರ್ಷದ ಹೆಸರುಗಳು?

ಇಲ್ಲಿಯ ಮಾತು

ಒಕ್ಕಲು ಮನೆತನಗಳ ಪುಣ್ಯ ದೊಡ್ಡದು. ಎತ್ತಿನ ಮೇಲೆ ಬರುವ ಹೆಳವರು ಏಳು ತಲೆಮಾರು ಓದಿ ಹೇಳುತ್ತಾರೆ, ಹೊಸದಾಗಿ ಹುಟ್ಟಿದ ಕೂಸಿನ ಹೆಸರು ಬರೆದುಕೊಂಡು ಜೋಳ ಕಟ್ಟಿಸಿಕೊಂಡು ಹೋಗುತ್ತಾರೆ. ಆದರೆ ಹೊಲವಿಲ್ಲದವನ ಬಾಗಿಲಿಗೆ ಯಾವ ಹೆಳವ ಬಂದಾನು? ಜೀತಕ್ಕಿದ್ದವನ ಹೆಸರು ಇದ್ದರೆ ಸಾವುಕಾರನ ವಹಿಯೊಳಗೆ: ಇಂಥವನಿಗೆ ಎರಡು ಚೀಲ ಜೋಳ, ಮಗಳ ಲಗ್ನಕ್ಕೆ ಇಷ್ಟು ಸಾಲ. ಜೀತ ಪದ್ಧತಿ 1976ರ ಕಾಯ್ದೆಯಿಂದ ರದ್ದಾಯಿತು. ವಹಿ ಮಾತ್ರ ಅಟ್ಟದ ಮೇಲೆ ಗೆದ್ದಲು ತಿನ್ನುತ್ತಿದೆ.

ಇನ್ನೊಂದು ತೊಡಕು. 1948ರವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿ ಕಾಗದ ಹೆಚ್ಚಾಗಿ ಉರ್ದು. ಮೊಮ್ಮಗನಿಗೆ ಓದಲು ಬಾರದು. ಬಾರದ್ದು ಬೇಡವಾದದ್ದಲ್ಲ. ಓದಬಲ್ಲ ಹಿರಿಯರು ಇರುವಾಗಲೇ ತೋರಿಸಿ ಕನ್ನಡದಲ್ಲಿ ಬರೆಸಿಕೊಳ್ಳಬೇಕು.

ಮೇಲೆ ಭೀಮಾ ತಾಯಿ ಬೇರೆ. 2020ರ ಅಕ್ಟೋಬರಿನ ಮಹಾಪೂರದಲ್ಲಿ ಅಫಜಲಪುರ, ಜೇವರ್ಗಿ ತಾಲೂಕಿನ ದಂಡೆಯ ಊರುಗಳಿಗೆ ನೀರು ನುಗ್ಗಿತು. ಮಂದಿ ದನ ಬಿಚ್ಚಿಯಾರೋ, ಟ್ರಂಕು ಹೊತ್ತಾರೋ?

ಆದ್ದರಿಂದ ಮಾಡಬೇಕಾದ್ದು ಇಷ್ಟೆ. ಹಳೇ ಕಾಗದದ ಫೋಟೋ ಮೊಬೈಲಿನಲ್ಲಿ ತೆಗೆದು ಬೇರೆ ಊರಿನ ಬೀಗರ ಮನೆಗೂ ಒಂದು ಪ್ರತಿ ಕಳಿಸಿರಿ. ತೊಯ್ದ ಕಾಗದ ಬಿಸಿಲಿಗೆ ಹಾಕದೆ ನೆರಳಲ್ಲಿ ಗಾಳಿಗೆ ಒಣಗಿಸಿರಿ. ಲ್ಯಾಮಿನೇಶನ್ ಮಾಡಿಸಬೇಡಿರಿ, ಒಳಗೇ ಕೆಡುತ್ತದೆ. ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು ಬರೆಯಿರಿ. ಮುತ್ಯಾ, ಆಯಿ ಹೇಳುವ ಮಾತು ಮೊಬೈಲಿನಲ್ಲೇ ರಿಕಾರ್ಡ್ ಮಾಡಿರಿ.

ವಹಿಯಲ್ಲಿ ಬೇರೆಯವರ ಮುತ್ಯಾನ ಹೆಸರು ಸಿಕ್ಕರೆ? ಆ ಮನೆಯವರನ್ನು ಕರೆದು ತೋರಿಸಿರಿ, ಒಂದು ಪ್ರತಿ ಕೈಗೆ ಕೊಡಿರಿ. ಸಾಲ ಎಂದೋ ಮುಗಿದಿದೆ. ಹೆಸರು ಮಾತ್ರ ಅವರಿಗೆ ತಿರುಗಿ ಕೊಡುವುದು ಬಾಕಿ ಅದ.